ಆಟದ ಸುದ್ದಿ ಯಾವ ಪುಟದಲ್ಲಿ ಬಂತು?

ಪೇಪರ್ ಕೈಗೆ ಸಿಕ್ಕ ಕೂಡಲೇ ಕೆಲವರು ಮುಖಪುಟ ನೋಡುತ್ತಾರೆ, ಕೆಲವರು ಹಿಂದಿನಿಂದ, ಅಂದ್ರೆ ಕ್ರೀಡಾ ಪುಟದಿಂದ ಶುರು ಮಾಡುತ್ತಾರೆ. ನಾನು ಎರಡನೇ ಪಂಗಡದವನು. ಮುಂಬಯಿ ಲೋಕಲ್ಲಿನಲ್ಲಿ ನಾಲ್ಕು ಮಡಿಕೆ ಮಾಡಿ ಹಿಡಿದ ಪೇಪರಿನಲ್ಲಿ ಒಂದು ಸಲಕ್ಕೆ ಕಾಣೋದು ಕಾಲು ಪುಟ, ಅದಾದರೂ ಆಟದ್ದಾಗಿರಲಿ ಅಂತ! ಇಷ್ಟು ವರ್ಷ ಹೀಗೆ ಓದಿದ ಮೇಲೆ ನನಗೆ ಅನ್ನಿಸಿರೋದು ಇಷ್ಟು: ಹೊಸದೊಂದು ಆಟವನ್ನು ಜನ ಒಪ್ಪುತ್ತಾರೋ ಇಲ್ಲವೋ ಅನ್ನೋದರಲ್ಲಿ ಆ ಆಟದ ಗುಣಕ್ಕೆ ಎಷ್ಟು ಪಾಲಿದೆಯೋ, ಅದರ ಸುದ್ದಿ ಮೊದಲು ಯಾವ ಪುಟದಲ್ಲಿ ಅಚ್ಚಾಯಿತು ಅನ್ನೋದಕ್ಕೂ ಅಷ್ಟೇ ಪಾಲಿದೆ. ಕ್ರೀಡಾ ಪುಟದಲ್ಲಿ ಬಂದರೆ ಅದು ಆಟ, ಅಪರಾಧದ ಪುಟದಲ್ಲಿ ಬಂದರೆ ಅದು ಪಿಡುಗು.

ಈ-ಸ್ಪೋರ್ಟ್ಸ್ ಅನ್ನೋ ಆಟದ ಚರಿತ್ರೆ ನೋಡಿದರೆ ಈ ಮಾತು ಚೆನ್ನಾಗಿ ಅರ್ಥವಾಗುತ್ತೆ. ಅದರ ತವರು ಅಂತ ಹೆಸರಾದ ದಕ್ಷಿಣ ಕೊರಿಯಾದ ಕಥೆಯನ್ನು ಇವತ್ತು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕೊನೆಗೆ ನಮ್ಮ ದೇಶಕ್ಕೆ ಬರೋಣ.

ಗೊತ್ತಿಲ್ಲದವರಿಗೆ ಒಂದು ಮಾತು. ಈ-ಸ್ಪೋರ್ಟ್ಸ್ ಅಂದ್ರೆ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಆಡುವ ಆಟವನ್ನು ನಿಯಮ, ತಂಡ, ತೀರ್ಪುಗಾರ, ಲೀಗು ಎಲ್ಲ ಇಟ್ಟುಕೊಂಡು ಪಂದ್ಯದ ಹಾಗೆ ಆಡೋದು. ಮನೆಯಲ್ಲಿ ಮಗ ಸೋಫಾ ಮೇಲೆ ಬಿದ್ದುಕೊಂಡು ಆಡೋದು ಗೇಮು. ಗಲ್ಲಿ ಕ್ರಿಕೆಟ್ಟಿಗೂ ರಣಜಿ ಟ್ರೋಫಿಗೂ ಇರುವ ಅಂತರವೇ ಇಲ್ಲೂ ಇದೆ. ಇನ್ನು ದುಡ್ಡು ಕಟ್ಟಿ ಆಡುವ ರಮ್ಮಿ ಇದೆಯಲ್ಲ, ಅದು ಬೇರೆಯೇ ಜಾತಿ. ಈ ಮೂರನ್ನೂ ಬೇರೆ ಬೇರೆ ಅಂತ ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

2023ರ ಸೆಪ್ಟೆಂಬರ್ 29. ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್. 'ಲೀಗ್ ಆಫ್ ಲೆಜೆಂಡ್ಸ್' ಅನ್ನುವ ಆಟದ ಫೈನಲ್‌ನಲ್ಲಿ ಕೊರಿಯಾ ತಂಡ ತೈವಾನನ್ನು 2–0ರಿಂದ ಸೋಲಿಸಿ ಚಿನ್ನ ಗೆದ್ದಿತು. ತಂಡದಲ್ಲಿದ್ದ ಆರು ಜನ ಹುಡುಗರಿಗೆ ಪದಕಕ್ಕಿಂತ ದೊಡ್ಡದೊಂದು ಸಿಕ್ಕಿತು. ಕೊರಿಯಾದಲ್ಲಿ ಗಂಡುಮಕ್ಕಳಿಗೆ ಸೈನ್ಯದ ಸೇವೆ ಕಡ್ಡಾಯ, ಭೂಸೇನೆಯಲ್ಲಾದರೆ 18 ತಿಂಗಳು. ಒಲಿಂಪಿಕ್ಸ್ ಪದಕವೋ ಏಷ್ಯನ್ ಗೇಮ್ಸ್ ಚಿನ್ನವೋ ಗೆದ್ದವರಿಗೆ ಮಾತ್ರ ಕೆಲವು ವಾರಗಳ ತರಬೇತಿ ಮತ್ತು ಒಂದಷ್ಟು ಸಮಾಜಸೇವೆಯಲ್ಲಿ ಅದು ಮುಗಿಯುತ್ತದೆ. ಜಗತ್ತೇ ಕುಣಿದ ಬಿಟಿಎಸ್ ಹಾಡುಗಾರ ಹುಡುಗರಿಗೂ ಈ ರಿಯಾಯಿತಿ ಸಿಗಲಿಲ್ಲ, 2022ರ ಡಿಸೆಂಬರಿನಿಂದ ಒಬ್ಬೊಬ್ಬರಾಗಿ ಸೈನ್ಯಕ್ಕೆ ಸೇರಿದರು. ಕಂಪ್ಯೂಟರ್ ಆಟದವರಿಗೆ ಸಿಕ್ಕಿತು!

ಒಂದು ದೇಶ ಇಷ್ಟು ದೂರ ಬಂದದ್ದು ಹೇಗೆ? ಇದಕ್ಕೆ ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗಬೇಕು.

1997ರ ಕೊನೆಯಲ್ಲಿ ಕೊರಿಯಾದ ಆರ್ಥಿಕ ವ್ಯವಸ್ಥೆ ಕುಸಿದು ಬಿತ್ತು. ಐಎಂಎಫ್ ಬಾಗಿಲಿಗೆ ಹೋಗಿ ಸಾಲ ತರಬೇಕಾಯಿತು. ಕಂಪನಿಗಳು ಮುಚ್ಚಿದವು, ಲಕ್ಷಗಟ್ಟಲೆ ಜನ ಕೆಲಸ ಕಳೆದುಕೊಂಡರು. ಹಾಗೆ ಮನೆಗೆ ಬಂದವರಲ್ಲಿ ಎಷ್ಟೋ ಜನ ಕೈಗೆ ಬಂದ ಹಣ ಹಾಕಿ ತೆರೆದ ಸಣ್ಣ ವ್ಯಾಪಾರವೇ 'ಪೀಸಿ ಬಾಂಗ್'. ಬಾಂಗ್ ಅಂದ್ರೆ ಅವರ ಭಾಷೆಯಲ್ಲಿ ಕೋಣೆ. ನಮ್ಮ ಸೈಬರ್ ಕೆಫೆ ಅಂದುಕೊಳ್ಳಿ, ಆದರೆ ಅಲ್ಲಿ ಮುಖ್ಯ ಕೆಲಸ ಆಟ. ಗಂಟೆಗೆ ಇಷ್ಟು ಅಂತ ಕೊಟ್ಟರೆ ಒಳ್ಳೆಯ ಕಂಪ್ಯೂಟರು, ವೇಗದ ಇಂಟರ್ನೆಟ್ಟು, ಹಸಿವಾದರೆ ನೂಡಲ್ಸು. ಸರ್ಕಾರವೂ ಅದೇ ಹೊತ್ತಿಗೆ ಬ್ರಾಡ್‌ಬ್ಯಾಂಡಿಗೆ ದೊಡ್ಡ ಒತ್ತು ಕೊಟ್ಟಿತು. 2001ರ ಹೊತ್ತಿಗೆ ಪೀಸಿ ಬಾಂಗ್‌ಗಳ ಸಂಖ್ಯೆ 20 ಸಾವಿರ ದಾಟಿತ್ತು, 2002ರಲ್ಲಿ ಬ್ರಾಡ್‌ಬ್ಯಾಂಡ್ ಸಂಪರ್ಕಗಳು 1 ಕೋಟಿ ಮುಟ್ಟಿದವು. ನಾವು ಆಗಿನ್ನೂ ಇಲ್ಲಿ ಡಯಲಪ್ ಮೋಡೆಮ್ಮಿನ ಕಿರ್ರ್ ಸದ್ದು ಕೇಳುತ್ತಾ ಕೂತಿದ್ದೆವು...

ಈ ಕೋಣೆಗಳಿಗೆ ಸರಿಯಾದ ಸಮಯಕ್ಕೆ ಒಂದು ಆಟ ಬಂತು. ಅಮೆರಿಕದ ಬ್ಲಿಜಾರ್ಡ್ ಕಂಪನಿ 1998ರ ಮಾರ್ಚಿನಲ್ಲಿ ಬಿಡುಗಡೆ ಮಾಡಿದ 'ಸ್ಟಾರ್‌ಕ್ರಾಫ್ಟ್'. ಅಂತರಿಕ್ಷದಲ್ಲಿ ಮೂರು ಕುಲಗಳ ಯುದ್ಧ. ಇಬ್ಬರು ಎದುರಾಳಿಗಳು, ಒಂದು ಭೂಪಟ. ಗಣಿ ತೋಡಬೇಕು, ಸೈನ್ಯ ಕಟ್ಟಬೇಕು, ಶತ್ರು ಏನು ಮಾಡುತ್ತಿದ್ದಾನೆ ಅಂತ ಪತ್ತೆ ಹಚ್ಚಬೇಕು. ಚದುರಂಗದ ಹಾಗೇ, ಆದರೆ ನಿಮ್ಮ ಸರದಿ ಬರಲಿ ಅಂತ ಯಾರೂ ಕಾಯೋದಿಲ್ಲ.

ಇಲ್ಲಿವರೆಗೆ ಇದು ಹುಡುಗರ ಹುಚ್ಚು ಅಷ್ಟೇ. ಕಥೆ ತಿರುಗಿದ್ದು 1999ರಲ್ಲಿ. ಟೂನಿವರ್ಸ್ ಅನ್ನುವ ಒಂದು ಚಾನೆಲ್ಲು, ಅದೂ ಮಕ್ಕಳಿಗೆ ಕಾರ್ಟೂನ್ ತೋರಿಸುವ ಕೇಬಲ್ ಚಾನೆಲ್ಲು, ಸ್ಟಾರ್‌ಕ್ರಾಫ್ಟ್ ಪಂದ್ಯಾವಳಿ ಪ್ರಸಾರ ಮಾಡಿತು. ಜನ ನೋಡಿದರು. ಎಷ್ಟು ನೋಡಿದರು ಅಂದ್ರೆ ಮರುವರ್ಷವೇ, 2000ದ ಜುಲೈನಲ್ಲಿ, ಅದೇ ಸಂಸ್ಥೆ ದಿನವಿಡೀ ಆಟಗಳನ್ನೇ ತೋರಿಸುವ 'ಆನ್‌ಗೇಮ್‌ನೆಟ್' ಚಾನೆಲ್ ಶುರು ಮಾಡಿತು. ದೊಡ್ಡ ಪ್ರಸಾರ ಸಂಸ್ಥೆಯಾದ ಎಂಬಿಸಿ ಬಳಗದಿಂದಲೂ 'ಎಂಬಿಸಿ ಗೇಮ್' ಅಂತ ಇನ್ನೊಂದು ಚಾನೆಲ್ ಬಂತು. 2000ದಲ್ಲೇ ಸಂಸ್ಕೃತಿ ಸಚಿವಾಲಯದ ಒಪ್ಪಿಗೆಯಿಂದ ಈ ಆಟಗಳಿಗೊಂದು ರಾಷ್ಟ್ರೀಯ ಸಂಘವೂ ಹುಟ್ಟಿತು.

ಟೀವಿಯವರು ಮಾಡಿದ್ದೇನು ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕಂದ್ರೆ ಗುಟ್ಟು ಇರೋದೇ ಇಲ್ಲಿ. ಮೊದಲನೆಯದು, ಹೊತ್ತು ಗೊತ್ತು ಮಾಡಿದರು. ಇಂಥ ವಾರ, ಇಷ್ಟು ಗಂಟೆಗೆ ಪಂದ್ಯ. ಅಡ್ಡಾದಿಡ್ಡಿ ಆಡೋ ಹುಡುಗಾಟಕ್ಕೆ ಒಂದು ಪಂಚಾಂಗ ಬಂತು. ಎರಡನೆಯದು, ಆಟಗಾರರಿಗೆ ಸಮವಸ್ತ್ರ ಹಾಕಿಸಿ, ವೇದಿಕೆ ಮೇಲೆ ಗಾಜಿನ ಗೂಡಿನಲ್ಲಿ ಎದುರು ಬದುರು ಕೂರಿಸಿದರು. ಮೂರನೆಯದು, ಮೂರು ಜನರ ವೀಕ್ಷಕ ವಿವರಣೆ: ಒಬ್ಬ ಕೂಗಿ ಹುರುಪು ಹುಟ್ಟಿಸೋನು, ಇಬ್ಬರು ಬಿಡಿಸಿ ಹೇಳೋರು. ಆಟದ ಗಂಧ ಗಾಳಿ ಇಲ್ಲದವರಿಗೂ ಈಗ ಏನೋ ದೊಡ್ಡದು ನಡೀತಿದೆ ಅಂತ ಗೊತ್ತಾಗಬೇಕು. ರೇಡಿಯೋ ಕಾಮೆಂಟರಿ ಕೇಳಿ ಕ್ರಿಕೆಟ್ ಕಲಿತ ನಮ್ಮ ತಲೆಮಾರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಲೆಗ್ ಸ್ಲಿಪ್ ಎಲ್ಲಿರುತ್ತೆ ಅಂತ ಗೊತ್ತಿಲ್ಲದ ಅಜ್ಜಿಯೂ ಗಾವಸ್ಕರ್ ಔಟಾದ ಅಂದ್ರೆ ಅಯ್ಯೋ ಅನ್ನುತ್ತಿದ್ದರಲ್ಲ, ಅದೇ ಥರ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಆಟಕ್ಕೆ ಒಂದು ಮುಖ ಕೊಟ್ಟರು. ಆ ಮುಖ 1980ರಲ್ಲಿ ಹುಟ್ಟಿದ ಲಿಮ್ ಯೋ-ಹ್ವಾನ್ ಅನ್ನುವ ಹುಡುಗನದು. ಆಟದಲ್ಲಿ ಅವನ ಹೆಸರು ಬಾಕ್ಸರ್. 2001ರಲ್ಲಿ ಆನ್‌ಗೇಮ್‌ನೆಟ್ಟಿನ ಸ್ಟಾರ್‌ಲೀಗನ್ನು ಎರಡು ಸಲ ಗೆದ್ದ. ದುರ್ಬಲ ಅಂತ ಎಲ್ಲರೂ ಎಣಿಸಿದ್ದ ಕುಲವನ್ನು ತೆಗೆದುಕೊಂಡು ಯಾರೂ ಊಹಿಸದ ಉಪಾಯಗಳಿಂದ ಗೆಲ್ಲುತ್ತಿದ್ದ. ಅವನ ಅಭಿಮಾನಿ ಸಂಘದ ಸದಸ್ಯರು ಲಕ್ಷ ಲಕ್ಷ ಲೆಕ್ಕದಲ್ಲಿದ್ದರು. ಅವನೆದುರು ಎರಡನೇ ಸ್ಥಾನಕ್ಕೇ ಅಂಟಿಕೊಂಡ ಹಾಂಗ್ ಜಿನ್-ಹೋ ಅನ್ನುವ ಎದುರಾಳಿ. ಗೆಲ್ಲೋನೊಬ್ಬ, ಪ್ರತಿಸಲ ಅಂಚಿನಲ್ಲಿ ಸೋಲೋನೊಬ್ಬ. ಜನರಿಗೆ ಇನ್ನೇನು ಬೇಕು? ಅದುವರೆಗೆ ಆಟ ಅಂದ್ರೆ ಪರದೆ ಮೇಲೆ ಓಡಾಡುವ ಬೊಂಬೆಗಳು. ಈಗ ಅದರ ಹಿಂದೆ ಬೆವರುವ, ನಗುವ, ಕಣ್ಣೀರು ಹಾಕುವ ಮನುಷ್ಯರು ಕಂಡರು.

ಮುಖ ಕಂಡ ಮೇಲೆ ದುಡ್ಡು ಬಂತು. ಎಸ್.ಕೆ. ಟೆಲಿಕಾಂ 2004ರಲ್ಲಿ ಬಾಕ್ಸರನ ಸುತ್ತ ಒಂದು ತಂಡ ಕಟ್ಟಿತು. ಕೆ.ಟಿ., ಸ್ಯಾಮ್‌ಸಂಗ್‌ನಂಥ ಕಂಪನಿಗಳೂ ಇದ್ದವು. ಅದೇ 2004ರ ಜುಲೈ 17ರಂದು ಬುಸಾನ್ ನಗರದ ಗ್ವಾಂಗಲ್ಲಿ ಕಡಲ ತೀರದಲ್ಲಿ ಪ್ರೊ ಲೀಗ್ ಫೈನಲ್ ನಡೆಯಿತು. ಸೇರಿದ ಜನ ಸಂಘಟಕರ ಲೆಕ್ಕದಲ್ಲಿ 1 ಲಕ್ಷ. ಅದೇ ದಿನ ಅದೇ ಊರಿನಲ್ಲಿ ವೃತ್ತಿಪರ ಬೇಸ್‌ಬಾಲ್‌ನ ಆಲ್‌ಸ್ಟಾರ್ ಪಂದ್ಯಕ್ಕೆ ಬಂದವರು ಸುಮಾರು 15 ಸಾವಿರ. ಸಂಘಟಕರ ಲೆಕ್ಕದಲ್ಲಿ ಅರ್ಧ ಕಳೆದರೂ (ನಮ್ಮ ರಾಜಕೀಯ ಸಭೆಗಳ ಅನುಭವ ಇದೆಯಲ್ಲ!) ವಿಷಯ ಬದಲಾಗೋದಿಲ್ಲ. ಬಾಕ್ಸರನಿಗೆ ಕಡ್ಡಾಯ ಸೇವೆ ಬಂದಾಗ ಕೊರಿಯಾದ ವಾಯುಸೇನೆ 2007ರಲ್ಲಿ ತನ್ನದೇ ಒಂದು ಆಟದ ತಂಡ ಮಾಡಿತು. 2010ರಲ್ಲಿ ಕೊರಿಯನ್ ಏರ್ ವಿಮಾನ ಕಂಪನಿ ಸ್ಟಾರ್‌ಲೀಗಿಗೆ ಪ್ರಾಯೋಜಕನಾಗಿ, ಫೈನಲ್ ಪಂದ್ಯವನ್ನು ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲೇ ಆಡಿಸಿತು.

ಹಾಗಾದರೆ ಕೊರಿಯಾದ ಅಪ್ಪ ಅಮ್ಮಂದಿರೆಲ್ಲ ಖುಷಿಯಾಗಿ ಒಪ್ಪಿಬಿಟ್ಟರೇ? ಇಲ್ಲ. ಯಾಕಂದ್ರೆ ಅದೇ ದೇಶದ ಪತ್ರಿಕೆಗಳಿಗೆ ಇನ್ನೊಂದು ಪುಟವೂ ಇತ್ತು.

2005ರ ಆಗಸ್ಟಿನಲ್ಲಿ ದೇಗು ನಗರದ ಒಂದು ಪೀಸಿ ಬಾಂಗ್‌ನಲ್ಲಿ 28 ವರ್ಷದ ಯುವಕನೊಬ್ಬ ಸುಮಾರು 50 ಗಂಟೆ ಹೆಚ್ಚುಕಡಿಮೆ ಎಡೆಬಿಡದೆ ಆಡಿ ಕುಸಿದು ಸತ್ತ. ಸುದ್ದಿ ಜಗತ್ತೆಲ್ಲ ಹರಡಿತು. ಇದು ಸುಳ್ಳಲ್ಲ, ಬರೆಯಲೇಬೇಕಾದ ಸುದ್ದಿಯೇ. ಚಟ ಅನ್ನೋದು ನಿಜ, ಅದರಿಂದ ಹಾಳಾದ ಮನೆಗಳೂ ನಿಜ. ಆದರೆ ಗೇಮ್ ಚಾನೆಲ್ ನೋಡದ ತಂದೆ ತಾಯಿಗೆ ಸಿಗುತ್ತಿದ್ದದ್ದು ಈ ಪುಟ ಒಂದೇ. ಮಕ್ಕಳು ಕೇಬಲ್ಲಿನಲ್ಲಿ ಒಂದು ಕೊರಿಯಾ ನೋಡುತ್ತಿದ್ದರು, ದೊಡ್ಡವರು ರಾತ್ರಿ ವಾರ್ತೆಯಲ್ಲಿ ಇನ್ನೊಂದು ಕೊರಿಯಾ.

ಈ ಎರಡು ಪುಟ ಎಷ್ಟು ದೂರ ಇದ್ದವು ಅನ್ನೋದಕ್ಕೆ 2011ರ ಫೆಬ್ರವರಿಯ ಒಂದು ಪ್ರಸಂಗ ಸಾಕು. ಎಂಬಿಸಿಯ ಮುಖ್ಯ ರಾತ್ರಿ ವಾರ್ತೆಯ ವರದಿಗಾರ, ಆಟದಿಂದ ಹುಡುಗರು ಹಿಂಸ್ರರಾಗುತ್ತಾರೆ ಅಂತ ತೋರಿಸಲು ಒಂದು ಪೀಸಿ ಬಾಂಗ್‌ಗೆ ಹೋದ. ಆಟ ರಂಗೇರಿದ್ದಾಗ ಎಲ್ಲ ಕಂಪ್ಯೂಟರಿನ ಕರೆಂಟು ಒಮ್ಮೆಗೇ ತೆಗೆಸಿದ. ಹುಡುಗರು ಕೂಗಾಡಿದರು, ಬೈದರು. ನೋಡಿ, ಹಿಂಸೆ! ಅಂತ ವರದಿ ಬಂತು. ನೋಡಿದವರು ಬಿದ್ದು ಬಿದ್ದು ನಕ್ಕರು, ತಿಂಗಳುಗಟ್ಟಲೆ ಗೇಲಿ ಮಾಡಿದರು. ನಮ್ಮೂರುಗಳಲ್ಲಿ ವರ್ಲ್ಡ್ ಕಪ್ ಮ್ಯಾಚಿನ ಕೊನೇ ಓವರಿನಲ್ಲಿ ಲೋಡ್ ಶೆಡ್ಡಿಂಗ್ ಆದಾಗ ಕೆಇಬಿಯವರಿಗೆ ಬೀಳುತ್ತಿದ್ದ ಬೈಗುಳ ಆ ವರದಿಗಾರ ಕೇಳಿದ್ದಿದ್ದರೆ ಕ್ರಿಕೆಟ್ಟನ್ನೇ ನಿಷೇಧಿಸಿ ಅನ್ನುತ್ತಿದ್ದನೇನೋ! ತಮಾಷೆ ಬಿಡಿ. ನೆನಪಿಡಬೇಕಾದ್ದು ಏನಂದ್ರೆ, ಆಗ ಎಂಬಿಸಿ ಬಳಗದ ಇನ್ನೊಂದು ಚಾನೆಲ್ಲು ಇದೇ ಆಟಗಳನ್ನು ಕ್ರೀಡೆ ಅಂತ ದಿನವೂ ತೋರಿಸುತ್ತಿತ್ತು. ಒಂದೇ ಮನೆ, ಎರಡು ಮಾತು.

ಅದೇ 2011ರ ನವೆಂಬರಿನಲ್ಲಿ 'ಶಟ್‌ಡೌನ್' ಕಾನೂನು ಜಾರಿಗೆ ಬಂತು: 16 ವರ್ಷದ ಒಳಗಿನ ಮಕ್ಕಳು ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಆನ್‌ಲೈನ್ ಆಟ ಆಡುವ ಹಾಗಿಲ್ಲ. ಕೆಲವೇ ತಿಂಗಳ ಅಂತರದಲ್ಲಿ, 2012ರಲ್ಲಿ, ಈ-ಸ್ಪೋರ್ಟ್ಸ್ ಬೆಳೆಸಲು ಬೇರೊಂದು ಕಾನೂನೂ ಬಂತು. ಸುದ್ದಿಮನೆಯ ಇಬ್ಬಗೆ ಸಂಸತ್ತಿಗೂ ತಲುಪಿತ್ತು.

ಇಲ್ಲಿ ಇನ್ನೊಂದು ಪಾಠವೂ ಇದೆ, ಆಟದ ಪರ ಇರುವವರು ಇದನ್ನು ಹೇಳೋದು ಕಮ್ಮಿ. ಟೀವಿ ಕೊಡೋದು ಮನ್ನಣೆ, ಅದರ ಜೊತೆ ನಂಬಿಕೆ ತಾನಾಗಿ ಬರೋದಿಲ್ಲ. 2010ರಲ್ಲಿ ಸ್ಟಾರ್‌ಕ್ರಾಫ್ಟ್ ಪಂದ್ಯಗಳಲ್ಲಿ ಬೆಟ್ಟಿಂಗಿನವರ ಜೊತೆ ಸೇರಿ ಬೇಕೆಂದೇ ಸೋತ ಹಗರಣ ಬಯಲಾಯಿತು. ಮಾಜಿ ಚಾಂಪಿಯನ್ ಮಾ ಜೇ-ಯೂನ್ ಸೇರಿ 11 ಆಟಗಾರರಿಗೆ ಆಜೀವ ನಿಷೇಧ ಬಿತ್ತು. ಹತ್ತು ವರ್ಷ ಅಭಿಮಾನ ಕಟ್ಟಿದ್ದ ಚಾನೆಲ್‌ಗಳಿಗೆ ಉತ್ತರ ಕೊಡೋದು ಕಷ್ಟವಾಯಿತು. 2000ದ ಕ್ರಿಕೆಟ್ ಮ್ಯಾಚ್ ಫಿಕ್ಸಿಂಗ್ ನೆನಪಿರುವ ನಮಗೆ ಆ ನೋವು ಗೊತ್ತು. ಎರಡೇ ವರ್ಷದಲ್ಲಿ ಎಂಬಿಸಿ ಗೇಮ್ ಮುಚ್ಚಿ, 2012ರ ಫೆಬ್ರವರಿಯಿಂದ ಅಲ್ಲಿ ಸಂಗೀತದ ಚಾನೆಲ್ ಬಂತು. ಅದು ನಡೆಸುತ್ತಿದ್ದ ಲೀಗೂ, ಸಾಕಿದ್ದ ತಂಡವೂ ಹೋದವು. ಒಂದೇ ಕಂಬದ ಮೇಲೆ ಚಪ್ಪರ ಹಾಕಿದರೆ ಹೀಗೇ ಆಗೋದು.

ಆದರೂ ಆಟ ಸಾಯಲಿಲ್ಲ. ಅಷ್ಟರಲ್ಲಿ ಜನ ಇಂಟರ್ನೆಟ್ಟಿನಲ್ಲೇ ನೇರಪ್ರಸಾರ ನೋಡಲು ಕಲಿತಿದ್ದರು. ಸ್ಟಾರ್‌ಕ್ರಾಫ್ಟ್ ಜಾಗಕ್ಕೆ ಲೀಗ್ ಆಫ್ ಲೆಜೆಂಡ್ಸ್ ಬಂತು. 2013ರಲ್ಲಿ ಕಣಕ್ಕಿಳಿದ ಲೀ ಸಾಂಗ್-ಹ್ಯೋಕ್, ಆಟದ ಹೆಸರು 'ಫೇಕರ್', ಅದೇ ವರ್ಷ ವಿಶ್ವ ಚಾಂಪಿಯನ್ ಆದ. 2015, 2016, 2023, 2024, 2025ರಲ್ಲೂ ಗೆದ್ದ. 2014ರ ವಿಶ್ವ ಫೈನಲ್ ನಡೆದದ್ದು ಸೋಲ್ ನಗರದ ವರ್ಲ್ಡ್ ಕಪ್ ಫುಟ್ಬಾಲ್ ಸ್ಟೇಡಿಯಮ್ಮಿನಲ್ಲಿ.

ಎರಡು ಪುಟಗಳು ಒಂದಾಗಲು ಶುರುವಾದದ್ದು 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ. ಈ-ಸ್ಪೋರ್ಟ್ಸ್ ಆಗ ಪ್ರದರ್ಶನ ಕ್ರೀಡೆ ಮಾತ್ರ, ಪದಕ ಲೆಕ್ಕಕ್ಕಿಲ್ಲ. ಆದರೆ ಕೊರಿಯಾದ ಕೆಬಿಎಸ್ ಮತ್ತು ಎಸ್‌ಬಿಎಸ್, ಅಂದ್ರೆ ಎಲ್ಲರ ಮನೆಗೆ ಬರುವ ದೂರದರ್ಶನದಂಥ ಚಾನೆಲ್‌ಗಳು, ಆ ಪಂದ್ಯಗಳನ್ನು ನೇರ ತೋರಿಸಿದವು. ಕೊರಿಯಾ ಚೀನಾಗೆ ಸೋತಿತು. ಸೋತರೇನು, ಮಗ ಏನು ನೋಡುತ್ತಾನೆ ಅಂತ ಅಪ್ಪನೂ ಅದೇ ಸೋಫಾದಲ್ಲಿ ಕೂತು, ಎದೆ ಮೇಲೆ ದೇಶದ ಬಾವುಟ ಇರುವ ಹುಡುಗರನ್ನು ನೋಡುವ ಹಾಗಾಯಿತು. ಶಟ್‌ಡೌನ್ ಕಾನೂನು 2022ರ ಜನವರಿ 1ರಿಂದ ರದ್ದಾಯಿತು. 2023ರಲ್ಲಿ ಚಿನ್ನ ಬಂದಾಗ ಗಲಾಟೆ ಇರಲಿಲ್ಲ. ಒಂದು ದಿನ ಮುಂಚೆ 'ಸ್ಟ್ರೀಟ್ ಫೈಟರ್' ಆಟದಲ್ಲಿ ಚಿನ್ನ ಗೆದ್ದ ಕಿಮ್ ಕ್ವಾನ್-ವೂ ಅವರಿಗೆ 44 ವರ್ಷ! ಇಪ್ಪತ್ತೈದು ವರ್ಷದಲ್ಲಿ ಪೀಸಿ ಬಾಂಗ್ ಹುಡುಗರೇ ಅಪ್ಪಂದಿರಾಗಿದ್ದರು ಅನ್ನೋದನ್ನೂ ಮರೆಯಬಾರದು.

ಈಗ ನಮ್ಮ ಕಡೆ ಬರೋಣ. ಟೀವಿ ಒಂದು ಆಟವನ್ನು ಎತ್ತಿ ನಿಲ್ಲಿಸೋದನ್ನು ನಾವೂ ಕಣ್ಣಾರೆ ನೋಡಿದ್ದೇವೆ. ಲಾಲ್‌ಬಾಗ್, ಪರೇಲ್ ಕಡೆಯ ಗಿರಣಿ ಕೇರಿಗಳಲ್ಲಿ ಕಬಡ್ಡಿ ಮೊದಲಿಂದಲೂ ಇತ್ತು. 1990ರಿಂದ ಭಾರತ ಏಷ್ಯನ್ ಗೇಮ್ಸ್‌ನಲ್ಲಿ ಸತತವಾಗಿ ಆರು ಚಿನ್ನ ಗೆದ್ದಿದ್ದರೂ ಆಟಗಾರರ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತು? 2014ರ ಜುಲೈ 26ರಂದು ಇದೇ ಮುಂಬಯಿಯ ವರ್ಲಿಯಲ್ಲಿ ಪ್ರೊ ಕಬಡ್ಡಿ ಶುರುವಾಗಿ, ಗೊತ್ತಾದ ಹೊತ್ತು, ಬಣ್ಣದ ಜೆರ್ಸಿ, ಒಳ್ಳೆಯ ಕಾಮೆಂಟರಿ ಬಂದ ಮೇಲೆ ಮನೆ ಮನೆಯಲ್ಲಿ ರೈಡರುಗಳ ಹೆಸರು ಕೇಳಿಬಂತು. ಸ್ಟಾರ್‌ಲೀಗಿನ ಪಾಕವೇ ಇದು.

ಈ-ಸ್ಪೋರ್ಟ್ಸ್ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಕ್ರಮ ತಲೆಕೆಳಗಾಯಿತು. 2018ರ ಜಕಾರ್ತಾದಲ್ಲಿ ಗುಜರಾತಿನ ತೀರ್ಥ್ ಮೆಹ್ತಾ 'ಹಾರ್ತ್‌ಸ್ಟೋನ್' ಆಟದಲ್ಲಿ ಕಂಚು ಗೆದ್ದ. ನೆನಪಿದೆಯೇ? ಇರಲಿಕ್ಕಿಲ್ಲ. ಪಬ್ಜಿ ಮಾತ್ರ ಎಲ್ಲರಿಗೂ ನೆನಪಿದೆ. (ಅದೂ ಕೊರಿಯಾದ ಕಂಪನಿಯದ್ದೇ ಆಟ.) 2019ರ ಜನವರಿಯಲ್ಲಿ ಪರೀಕ್ಷೆ ಬಗ್ಗೆ ಪ್ರಧಾನಿ ನಡೆಸಿದ ಸಂವಾದದಲ್ಲಿ ತಾಯಿಯೊಬ್ಬರು ಮಗನ ಆನ್‌ಲೈನ್ ಆಟದ ಬಗ್ಗೆ ದೂರಿದಾಗ, ಪಬ್ಜಿಯವನೇನು ಅಂತ ಪ್ರಧಾನಿ ಕೇಳಿದ್ದಕ್ಕೆ ಸಭೆಯೆಲ್ಲ ನಕ್ಕಿತ್ತು. ಮಾರ್ಚಿನಲ್ಲಿ ರಾಜಕೋಟೆ ಪೊಲೀಸರು ಆಟ ನಿಷೇಧಿಸಿ ಆಡಿದ ಹುಡುಗರನ್ನು ಹಿಡಿದರು. ಅದೇ ವರ್ಷ ಬೆಳಗಾವಿ ಕಡೆಯ ಒಂದು ಕೊಲೆ ಪ್ರಕರಣದಿಂದ ಕನ್ನಡ ಪತ್ರಿಕೆಗಳಲ್ಲೂ ಆಟದ ಹೆಸರು ಮುಖಪುಟಕ್ಕೆ ಬಂತು. 2020ರ ಸೆಪ್ಟೆಂಬರಿನಲ್ಲಿ ಚೀನೀ ಆ್ಯಪ್‌ಗಳ ಜೊತೆ ಪಬ್ಜಿ ಮೊಬೈಲ್ ನಿಷೇಧವಾಯಿತು. ಕೊರಿಯಾದಲ್ಲಿ ಮೊದಲು ಆಟಗಾರ ಕಂಡ, ಆಮೇಲೆ ಚಟ ಕಂಡಿತು. ನಮ್ಮಲ್ಲಿ ಮೊದಲೇ ಪೊಲೀಸ್ ಸ್ಟೇಷನ್ ಕಂಡಿತು.

2022ರ ಜೂನ್–ಜುಲೈಯಲ್ಲಿ ಆ ಆಟದ ಭಾರತೀಯ ರೂಪದ ಪಂದ್ಯಾವಳಿ ಸ್ಟಾರ್ ಸ್ಪೋರ್ಟ್ಸ್ 2ರಲ್ಲಿ ಪ್ರಸಾರವಾಯಿತು, ಕ್ರಿಕೆಟ್ ಬರುವ ಚಾನೆಲ್ ಬಳಗದಲ್ಲೇ. ಪಂದ್ಯಾವಳಿ ಮುಗಿದು ಎರಡು ವಾರ ಆಗುವ ಮೊದಲೇ ಸರ್ಕಾರದ ಆದೇಶದಿಂದ ಆಟ ಮತ್ತೆ ಮಾಯವಾಯಿತು, ಮರಳಿದ್ದು 2023ರ ಮೇನಲ್ಲಿ. ನಡುವೆ 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಈ-ಸ್ಪೋರ್ಟ್ಸನ್ನು ಕ್ರೀಡಾ ಇಲಾಖೆಯ ಕೆಳಗೆ ತಂದಿತು.

ಇಷ್ಟರ ನಡುವೆ ಅಸಲಿ ಗೊಂದಲ ಹುಟ್ಟಿದ್ದು ಜಾಹೀರಾತಿನಿಂದ. ಕ್ರಿಕೆಟ್ ಓವರುಗಳ ಮಧ್ಯೆ ಹೀರೋಗಳೂ ಕ್ರಿಕೆಟಿಗರೂ ಬಂದು ರಮ್ಮಿ ಆಡಿ, ತಂಡ ಕಟ್ಟಿ ಗೆಲ್ಲಿ ಅನ್ನುತ್ತಿದ್ದರು. ಗೇಮಿಂಗ್ ಅನ್ನೋ ಒಂದೇ ಪದದಡಿ ಮಗನ ಟೂರ್ನಮೆಂಟೂ, ಸಾಲ ಮಾಡಿ ಆಡುವ ಜೂಜೂ ಬಂದು ಕೂತವು. ಕರ್ನಾಟಕ 2021ರಲ್ಲಿ ಆನ್‌ಲೈನ್ ಹಣದ ಆಟಗಳ ಮೇಲೆ ಕಾಯಿದೆ ತಂದಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯಿದೆ ಗೆರೆ ಎಳೆಯಿತು: ಹಣ ಕಟ್ಟಿ ಆಡುವ ಆಟಕ್ಕೂ ಅದರ ಜಾಹೀರಾತಿಗೂ ನಿಷೇಧ, ಈ-ಸ್ಪೋರ್ಟ್ಸಿಗೆ ಕ್ರೀಡೆಯ ಮಾನ್ಯತೆ. ಪತ್ರಿಕೆಗಳು ವರ್ಷಗಳ ಹಿಂದೆಯೇ ಎಳೆಯಬಹುದಾಗಿದ್ದ ಗೆರೆಯನ್ನು ಕಾನೂನು ಎಳೆಯಬೇಕಾಯಿತು.

ಊರು ಬಿಟ್ಟು ಬಂದ ನಮ್ಮಂಥವರ ಮನೆಯಲ್ಲಿ ಇದು ದೂರದ ಮಾತಲ್ಲ. ಮಕ್ಕಳು ಚೆನ್ನಾಗಿ ಓದಿ ನೌಕರಿ ಹಿಡಿಯಲಿ ಅಂತಲೇ ನಾವು ಒಂದು ಕೋಣೆಯ ಮನೆಯಲ್ಲಿ ಸಂಸಾರ ಮಾಡಿದ್ದು. ಈಗ ಮಗನೋ ಮೊಮ್ಮಗನೋ ಆಟವೇ ನನ್ನ ದಾರಿ ಅಂದ್ರೆ ಎದೆ ಧಸಕ್ ಅನ್ನೋದು ಸಹಜ. ಆಗ ಸರಿಯಾಗಿ ತೀರ್ಮಾನ ಮಾಡಲು ನಮಗೆ ಮಾಹಿತಿ ಬೇಕು. ದಿನಕ್ಕೆ ಎಷ್ಟು ಗಂಟೆ ಅಭ್ಯಾಸ? ನೂರರಲ್ಲಿ ಎಷ್ಟು ಜನಕ್ಕೆ ಸಂಬಳ? ಎಷ್ಟನೇ ವಯಸ್ಸಿಗೆ ಕೈ ನಿಧಾನವಾಗುತ್ತೆ? ಆಮೇಲೇನು? ಹಾಳಾದ ಹುಡುಗನ ಸುದ್ದಿ ಓದಿದರೂ ಇದು ಸಿಗೋದಿಲ್ಲ, ಕೋಟಿ ಗೆದ್ದ ಹುಡುಗನ ಸುದ್ದಿ ಓದಿದರೂ ಸಿಗೋದಿಲ್ಲ. ವಾರ ವಾರ ಪಂದ್ಯದ ಫಲಿತಾಂಶ, ಸೋತವರ ಹೆಸರು, ತಂಡ ಬಿಟ್ಟವರ ಪಾಡು, ಫಿಕ್ಸಿಂಗ್ ನಡೆದರೆ ಅದರ ತನಿಖೆ, ಹೀಗೆ ಬೇರೆ ಆಟಗಳಂತೆ ಇದನ್ನೂ ಬರೆದಾಗ ಸಿಗುತ್ತದೆ.

ಕೊರಿಯಾಕ್ಕೆ ಅದಕ್ಕೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು, ಮಧ್ಯೆ ಒಂದು ಚಾನೆಲ್ಲು ಮುಳುಗಿತು, ಒಂದು ಕಾನೂನು ಬಂದು ಹೋಯಿತು. ನಮಗೆ ಅಷ್ಟು ಕಾಯೋ ಅಗತ್ಯ ಇಲ್ಲ, ಅವರ ಅನುಭವ ಕಣ್ಣ ಮುಂದಿದೆ. ನಮ್ಮ ಪತ್ರಿಕೆಗಳು ಬರೆಯಲು ಶುರು ಮಾಡುವವರೆಗೆ ನೀವು ಮಾಡಬಹುದಾದ ಒಂದು ಕೆಲಸ ಇದೆ. ಈ ಭಾನುವಾರ ಮಗನ ಪಕ್ಕ ಕೂತು ಒಂದು ಪೂರ್ತಿ ಪಂದ್ಯ ನೋಡಿ, ಯಾರು ಯಾಕೆ ಗೆದ್ದರು ಅಂತ ಅವನಿಂದಲೇ ಕೇಳಿ ತಿಳಿದುಕೊಳ್ಳಿ. ಬೈಯುವುದಿದ್ದರೆ ಆಮೇಲೆ ಬೈಯಬಹುದು.